ಪಕ್ಕದಂಗಡಿಯ ಕಂಬಳಿ

ಇಂಟರ್ನೆಟ್ಟಿನಲ್ಲಿ ವ್ಯಾಪಾರ ಮಾಡುವುದು ಹೇಗೆ ಎಂದು ನನಗೆ ಮಧುಗಿರಿಯಲ್ಲಿ ಕಲಿಸಿದರು. ಒಂದು ಕಲ್ಯಾಣ ಮಂಟಪದ ಮಹಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಗೋಡೆಗೆ ಬಿಳಿ ಪರದೆ ಇಳಿಬಿಟ್ಟು, ಬಂದವರಿಗೆಲ್ಲ ಒಂದು ಪೆನ್ನು, ಒಂದು ಬಿಸ್ಕತ್ ಪೊಟ್ಟಣ ಕೊಟ್ಟು ಕಲಿಸಿದರು. ಕೂತವರಲ್ಲಿ ಹೆಚ್ಚಿನವರು ಹೆಂಗಸರು. ಹಪ್ಪಳದವರು, ಹುಣಸೆಹಣ್ಣಿನವರು, ಬ್ಲೌಸ್ ಹೊಲಿಯುವವರು. ಕಂಬಳಿಯವಳು ನಾನೊಬ್ಬಳೇ. ಕಲಿಸಲು ಬಂದಾತ ಕರಿ ಕೋಟು ಹಾಕಿದ್ದ. ಬೇಸಿಗೆಯ ಮಧುಗಿರಿಯಲ್ಲಿ, ಆ ಬೆಟ್ಟದ ಬಂಡೆ ಕಾದು ಊರಿಗೆಲ್ಲ ಶಾಖ ಹಂಚುತ್ತಿರುವಾಗ, ಕೋಟು! ಅವನ ಮೇಲಿನ ಅರ್ಧ ನಂಬಿಕೆ ನನಗೆ ಅಲ್ಲೇ ಹೋಯಿತು. ಪೂರ್ತಿ ಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಒಳ್ಳೆಯ ಫೋಟೋ ಹಾಕಿ, ವಿವರಣೆಯಲ್ಲಿ ಸುಳ್ಳು ಬರೆಯಬೇಡಿ, ಕೈಯಲ್ಲಿ ಎಷ್ಟು ಮಾಲಿದೆಯೋ ಅಷ್ಟನ್ನೇ ತೋರಿಸಿ, ಹೇಳಿದ ದಿನ ಕಳಿಸಿ, ಬೇಡ ಅಂದರೆ ಮರುಮಾತಿಲ್ಲದೆ ವಾಪಸ್ ತಗೊಳ್ಳಿ ಎಂದ. "ಇಷ್ಟೇ ಮೇಡಂ, ಇದೇನು ಬ್ರಹ್ಮವಿದ್ಯೆ ಅಲ್ಲ" ಎಂದು ನಕ್ಕ. ನಿಜ. ಬ್ರಹ್ಮವಿದ್ಯೆಯಾಗಿದ್ದರೆ ನಾವು ಅದರ ತಂಟೆಗೇ ಹೋಗುತ್ತಿರಲಿಲ್ಲ.

ನಮ್ಮದು ಶಿರಾದಲ್ಲಿ ಕಂಬಳಿ ಅಂಗಡಿ. ಅಬ್ಬಾನ ಅಬ್ಬಾ ಹಾಕಿದ್ದು. ಸುತ್ತಲ ಹಳ್ಳಿಗಳಲ್ಲಿ ಕುರಿ ಸಾಕುವ ಮನೆಯವರು ನೇಯ್ದು ತರುವುದು, ನಾವು ಕೊಂಡು ಮಾರುವುದು. ಕುರಿ ಕಾಯುವವರಿಗೆ ಮಳೆಯಲ್ಲಿ ಕೊಪ್ಪೆ ಹಾಕಿಕೊಳ್ಳಲು, ಬಾಣಂತಿಯ ಮಂಚಕ್ಕೆ, ಮದುವೆಯ ಹಸೆಗೆ, ದೇವರ ಗದ್ದುಗೆಗೆ ಎಲ್ಲಕ್ಕೂ ಕಂಬಳಿ ಬೇಕಿತ್ತು. ಹಿಂದೂಗಳ ಗದ್ದುಗೆಯ ಕಂಬಳಿ ಸಾಬರ ಅಂಗಡಿಯಿಂದ ಹೋಗುತ್ತದೆ ಎನ್ನುವುದರಲ್ಲಿ ಯಾರಿಗೂ ಯಾವ ವಿಶೇಷವೂ ಕಾಣುತ್ತಿರಲಿಲ್ಲ. ಮನೆಯಲ್ಲಿ ನಮ್ಮ ಮಾತು ಉರ್ದು. ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ಅಬ್ಬಾ ನನ್ನ ಹತ್ತಿರವೂ ಕನ್ನಡದಲ್ಲೇ ಮಾತಾಡುತ್ತಿದ್ದರು. ಗಿರಾಕಿಗೆ ತಿಳಿಯದ ಭಾಷೆಯನ್ನು ಗಿರಾಕಿಯ ಎದುರು ಆಡಬಾರದು ಎನ್ನುವುದು ಅವರ ಕಾನೂನು. ನಾನು ಕೊರಟಗೆರೆಯ ಗಂಡನ ಮನೆ ಬಿಟ್ಟು ಬಂದು (ಆ ಕಥೆ ಇಲ್ಲಿ ಬೇಡ, ಹೇಳಿದರೆ ನನ್ನ ಬಾಯಿ ಕೆಡುತ್ತದೆ) ಅಂಗಡಿಯಲ್ಲಿ ಕೂತ ಹೊತ್ತಿಗೆ ಗಿರಾಕಿಗಳು ಕರಗಿಹೋಗಿದ್ದರು. ಕುರಿ ಕಾಯುವವನ ತಲೆಯ ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ ಬಂದಿತ್ತು. ಬಾಣಂತಿಗೆ ಹೂವಿನ ಚಿತ್ರದ ಮಿಲ್ ರಗ್ಗು ಬಂದಿತ್ತು. ದೇವರಿಗೆ ಮಾತ್ರ ಇನ್ನೂ ಕಂಬಳಿಯೇ ಬೇಕಿತ್ತು, ಆದರೆ ದೇವರು ವರ್ಷಕ್ಕೊಂದು ಕೊಂಡರೆ ಹೆಚ್ಚು.

ನೇಯುವವರೂ ಕರಗಿದ್ದರು. ಕೊನೆಗೆ ಉಳಿದವನು ಬುಕ್ಕಾಪಟ್ಟಣದ ಆಚೆಯ ಹಳ್ಳಿಯ ತಾತ ಒಬ್ಬನೇ. ನನಗೆ ಸಂಬಂಧವಲ್ಲ, ಚಿಕ್ಕಂದಿನಿಂದ ತಾತ ಎಂದು ಕರೆದು ಅಭ್ಯಾಸ. ಮನೆಯೊಳಗೆ ನೆಲದಲ್ಲಿ ತೋಡಿದ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ಅವನು ನೇಯುತ್ತಿದ್ದ. ಅಜ್ಜಿ, ಅಂದರೆ ಅವನ ಹೆಂಡತಿ, ರಾಟೆಯಲ್ಲಿ ಉಣ್ಣೆ ನೂಲುತ್ತಿದ್ದಳು. ನೇಯ್ದದ್ದನ್ನು ಹೆಗಲ ಮೇಲೆ ಹೊತ್ತು ತಾತ ಬಸ್ಸಿನಲ್ಲಿ ಬರುತ್ತಿದ್ದ. ಕಂಬಳಿ ಹೊತ್ತವನ ಪಕ್ಕ ಬಸ್ಸಿನಲ್ಲಿ ಯಾರೂ ಕೂರುವುದಿಲ್ಲ, ಆರಾಮಾಗಿ ಬಂದೆ ಎಂದು ತಮಾಷೆ ಮಾಡುತ್ತಿದ್ದ.

ಒಂದು ಸಲ ಬಂದವನು ತಮಾಷೆ ಮಾಡಲಿಲ್ಲ. ಚಾ ಕುಡಿದು ಲೋಟವನ್ನು ಕೆಳಗಿಟ್ಟು, "ಸಾಬ್ರೇ, ಇದೇ ಕೊನೇದು ಅಂತ ಕಾಣ್ತದೆ. ಗುಂಡಿ ಮುಚ್ಚಿ ಟೈಲ್ಸ್ ಹಾಕುಸ್ತೀನಿ ಅಂತ ಮಗ ಕುಂತವ್ನೆ. ಅವುಂದೂ ತಪ್ಪಲ್ಲ ಬುಡಿ, ಯಾರೂ ಕೊಳ್ಳದಿದ್ದುನ್ನ ನೇಯ್ಕಂಡು ಮನೆ ತುಂಬಾ ಜಾಗ ತಿಂತಾ ಇದ್ರೆ ಹೆಂಗೆ?" ಎಂದ.

ಅಬ್ಬಾ ನನ್ನ ಮುಖ ನೋಡಿದರು. ನಾನೇ ಬಾಯಿ ಹಾಕಿದೆ. "ತಾತ, ಒಂದ್ ವರ್ಷ ಗುಂಡಿ ಮುಚ್ಚಬೇಡ. ಮುಂದಿನ ಯುಗಾದಿವರೆಗೆ ತಡಿ. ನಾನು ಫೋನಲ್ಲಿ ಮಾರಿಕೊಡ್ತೀನಿ."

"ಫೋನ್ನಾಗೆ ಕಂಬ್ಳಿ ಮುಟ್ಟಾದು ಹೆಂಗವ್ವಾ?"

"ಮುಟ್ಟಲ್ಲ ತಾತ. ನೋಡ್ತಾರೆ."

"ನೋಡಿದ್ರೆ ಚಳಿ ಹೋಗ್ತದಾ?" ಎಂದು ನಕ್ಕ. ನಕ್ಕರೂ ಒಪ್ಪಿಕೊಂಡ. ಮಗನಿಗೆ ಏನು ಹೇಳಿ ಒಪ್ಪಿಸಿದನೋ, ಗುಂಡಿ ಒಂದು ವರ್ಷ ಉಳಿಯುವುದು ಎಂದಾಯಿತು. ನಾನು ಮಧುಗಿರಿಯ ಬಸ್ಸು ಹತ್ತಿ ಹೋಗಿ ಕೋಟಿನವನ ಮುಂದೆ ಕೂತದ್ದು ಈ ಕಾರಣಕ್ಕೆ.

ಫೋಟೋ ತೆಗೆಯಲು ತಾತನ ಊರಿಗೇ ಹೋದೆ. ಹೋದ ದಿನ ಬೇವಿನ ಮರದ ಕೆಳಗೆ ಬೀದಿಯುದ್ದಕ್ಕೂ ಮಗ್ಗಕ್ಕೆ ಏರಿಸುವ ಹಾಸಿನ ದಾರ ಎಳೆದು ಕಟ್ಟಿದ್ದರು. ಅಜ್ಜಿ ಅದಕ್ಕೆ ಹುಣಸೆ ಬೀಜದ ಗಂಜಿ ಬಳಿಯುತ್ತಿದ್ದಳು. ದಾರ ಗಟ್ಟಿಯಾಗಲು ಅದನ್ನು ಬಳಿದು ಬಿಸಿಲಿಗೆ ಒಣಗಿಸುತ್ತಾರೆ. ಊರ ಕೋಳಿಗಳೆಲ್ಲ ಅಲ್ಲೇ ಸೇರಿದ್ದವು. ಒಳಗೆ ತಾತ ಗುಂಡಿಗಿಳಿದು ಕೂತ. ನಾನು ಫೋನು ಎತ್ತಿದ ಕೂಡಲೇ ಟವೆಲ್ಲು ಎಳೆದು ಮುಖ ಮುಚ್ಚಿಕೊಂಡ. "ಮುಖ ಬ್ಯಾಡ ಕಣವ್ವ. ಕೈ ತಕ್ಕೋ. ನೇಯಾದು ಕೈ ತಾನೆ?" ಕಿಟಕಿಯ ಬೆಳಕು ಅವನ ಕೈಯ ಮೇಲೆ ಬಿದ್ದಿತ್ತು. ಲಾಳಿ ಹಿಡಿದ ಬಲಗೈ, ಕರಿ ಉಣ್ಣೆಯ ಮೇಲೆ ಊರಿದ ಎಡಗೈ. ಚೆನ್ನಾಗಿ ಬಂತು. ನಾನು ತೆಗೆದ ಫೋಟೋಗಳಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ವಿವರಣೆ ಬರೆಯುವಾಗ ಅಳತೆ ಎಷ್ಟು ಎಂದು ಮಾರಾಟದ ಆ್ಯಪು ಸೆಂಟಿಮೀಟರಿನಲ್ಲಿ ಕೇಳಿತು. ತಾತ ತನ್ನ ಮೊಳದಲ್ಲಿ ಅಳೆಯುವವನು. ಒಂದು ಕಂಬಳಿಯಂತೆ ಇನ್ನೊಂದಿರುವುದಿಲ್ಲ. ಅದನ್ನೇ ಬರೆದೆ. ಮೈಗೆ ಚುಚ್ಚುತ್ತದೆ, ಮಳೆ ಬಿದ್ದರೆ ಕುರಿಯ ವಾಸನೆ ಬರುತ್ತದೆ ಎಂದೂ ಬರೆದೆ. ಸುಳ್ಳು ಬರೆಯಬೇಡಿ ಅಂದಿದ್ದನಲ್ಲ! ಅಬ್ಬಾ ಓದಿಸಿಕೊಂಡು ಕೇಳಿ, "ಇದನ್ನ ಓದಿ ಕೊಂಡೋನು ಒಳ್ಳೆ ಮನುಷ್ಯನೇ ಆಗಿರ್ತಾನೆ" ಎಂದರು.

ಮೊದಲ ಆರ್ಡರು ಬಂದದ್ದು ಪುಣೆಯಿಂದ. ಅಂಗಡಿಯಲ್ಲಿ ಹಬ್ಬವಾಯಿತು. ಅಬ್ಬಾ ಕಂಬಳಿಯನ್ನು ಮೂರು ಸಲ ಕೊಡವಿ, ಮಡಿಕೆಗಳ ಮಧ್ಯೆ ಬೇವಿನೆಲೆ ಇಟ್ಟು, ಬಂಡಲು ಕಟ್ಟಿದರು. ಪಾರ್ಸೆಲ್ ಒಯ್ಯಲು ಬಂದ ನಡುವಯಸ್ಸಿನ ಮನುಷ್ಯನಿಗೆ ಚಾ ಕುಡಿಸಿ ಕಳಿಸಿದರು. ಆಮೇಲೆ ಇನ್ನೊಂದು, ಮತ್ತೊಂದು. ವಾಪಸ್ಸೂ ಬಂದವು. ಕೂದಲು ಉದುರುತ್ತದೆ ಅಂತೆ, ಪ್ರಾಣಿಯ ವಾಸನೆ ಅಂತೆ. ಕಂಬಳಿಯಲ್ಲಿ ಬುತ್ತಿ ಕಟ್ಟಿ ಕೂದಲು ಹುಡುಕಿದ ಹಾಗೆ! ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು, ಉತ್ತರ ಬರೆದು ಬರೆದು ಅಳಿಸಿದೆ. ಅಬ್ಬಾ ಮಾತ್ರ ವಾಪಸ್ ಬಂದದ್ದನ್ನು ಮತ್ತೆ ಕೊಡವಿ ಬಿಸಿಲಿಗೆ ಹಾಕಿ, "ಹೋಗಿ ಊರು ನೋಡ್ಕೊಂಡು ಬಂತು ಬಿಡು" ಎನ್ನುತ್ತಿದ್ದರು. ಆದರೂ ಹೋದದ್ದು ಬಂದದ್ದಕ್ಕಿಂತ ಹೆಚ್ಚಿತ್ತು. ತಾತ ಬಂದಾಗಲೆಲ್ಲ ಯಾವ ಊರಿಗೆ ಹೋಯಿತು ಎಂದು ಕೇಳುತ್ತಿದ್ದ. ಜೈಪುರ ಎಂದರೆ ಜೈಪುರ ಎಂದು ತಾನೂ ಒಂದು ಸಲ ಹೇಳಿಕೊಳ್ಳುತ್ತಿದ್ದ. ಆ ಕೆಲವು ತಿಂಗಳು ನಾವು ಮೂವರೂ ಸುಖವಾಗಿದ್ದೆವು.

ನನಗೂ ಅಬ್ಬಾನಿಗೂ ಜಗಳವಾದದ್ದು ಸೊನ್ನೆಯ ವಿಷಯಕ್ಕೆ. ಇದ್ದ ಕಂಬಳಿಯೆಲ್ಲ ಖಾಲಿಯಾದ ದಿನ ನಾನು ಆ್ಯಪಿನಲ್ಲಿ ದಾಸ್ತಾನು ಸೊನ್ನೆ ಎಂದು ಹಾಕಿದೆ. ತಾತನ ಕೈಯ ಫೋಟೋದ ಕೆಳಗೆ 'ಲಭ್ಯವಿಲ್ಲ' ಎಂದು ಬಂತು. ಅಬ್ಬಾ ಕನ್ನಡಕ ಏರಿಸಿ ಅದನ್ನು ಓದಿದರು. ಮುಖ ಬಿಗಿಯಿತು. "ಅಂಗಡಿ ಬಾಗಿಲು ತೆಗೆದಿಟ್ಟು ಇಲ್ಲ ಅಂತ ಬೋರ್ಡು ಹಾಕ್ತಾರಾ? ಬರ್ಕತ್ತು ಉಳೀತದಾ?"

ಅವರ ಸಿಟ್ಟು ಅರ್ಥವಾಗಬೇಕಾದರೆ ನಮ್ಮ ಬಜಾರಿನ ರೀತಿ ಗೊತ್ತಿರಬೇಕು. ಗಿರಾಕಿ ಕೇಳಿದ್ದು ನಮ್ಮಲ್ಲಿರದಿದ್ದರೆ ಅಬ್ಬಾ ಇಲ್ಲ ಎನ್ನುತ್ತಿರಲಿಲ್ಲ. "ಕೂತ್ಕಳಿ ಗೌಡ್ರೇ, ಚಾ ಕುಡೀರಿ" ಎಂದು ಕೂರಿಸಿ, ಹಿಂದಿನ ಬಾಗಿಲಿನಿಂದ ಪಕ್ಕದಂಗಡಿಗೆ ಹೋಗಿ ಅದನ್ನೋ ಅದರಂಥದ್ದನ್ನೋ ತಂದು ಮುಂದಿಡುತ್ತಿದ್ದರು. ಮುಚ್ಚಿಡುತ್ತಿರಲಿಲ್ಲ. "ಇದು ನಮ್ ಮಾಲಲ್ಲ, ಪಕ್ಕದಂಗಡೀದು. ಸದ್ಯಕ್ಕೆ ಹೊದ್ಕಳಿ. ನಮ್ದು ಬಂದಾಗ ಇದನ್ನ ತಂದು ಬದಲಾಯಿಸ್ಕಳಿ" ಎಂದು ಬಾಯಿಬಿಟ್ಟು ಹೇಳುತ್ತಿದ್ದರು. ಜನ ಹಾಗೇ ಒಯ್ಯುತ್ತಿದ್ದರು. ತಿಂಗಳಾದ ಮೇಲೆ ಬಂದು ಬದಲಾಯಿಸಿಕೊಳ್ಳುತ್ತಿದ್ದರು. ಪಕ್ಕದವರೂ ಹೀಗೇ ನಮ್ಮಿಂದ ಒಯ್ಯುತ್ತಿದ್ದರು. ಬಂದವನನ್ನು ಖಾಲಿ ಕೈಯಲ್ಲಿ ಕಳಿಸದಿರುವುದು ನಮ್ಮ ಬೀದಿಯಲ್ಲಿ ವ್ಯಾಪಾರಕ್ಕಿಂತ ದೊಡ್ಡ ಮರ್ಯಾದೆ. ಅಬ್ಬಾನಿಗೆ ಈ ಊರಿನಲ್ಲಿ ಇರುವ ಹೆಸರೆಲ್ಲ ಅದರಿಂದಲೇ ಬಂದದ್ದು.

"ಅಲ್ಲಿ ಹಾಗೆ ಆಗಲ್ಲ ಅಬ್ಬಾ, ಇದ್ದಷ್ಟೇ ತೋರಿಸ್ಬೇಕು" ಎಂದೆ. ಗೊಣಗುತ್ತಾ ಕನ್ನಡಕ ತೆಗೆದಿಟ್ಟರು. ತಾತ ಹೊಸ ಕಂಬಳಿ ತಂದ ಮೇಲೆ ಸೊನ್ನೆ ಹೋಯಿತು, ಜಗಳವೂ ಹೋಯಿತು.

ಚಳಿಗಾಲ ಶುರುವಾಗುವಾಗ ಪಾವಗಡದ ನನ್ನ ಖಾಲಾ ಹಾಸಿಗೆ ಹಿಡಿದರು. ಅಮ್ಮನ ತಂಗಿ, ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವರು. ನೋಡಿಕೊಳ್ಳಲು ಹೋಗಲೇಬೇಕಿತ್ತು. ಅಂಗಡಿಯ ಫೋನು ಅಂಗಡಿಯಲ್ಲೇ ಬಿಟ್ಟುಹೋದೆ. ಆರ್ಡರು ಬಂದರೆ ವಿಳಾಸದ ಚೀಟಿ ಪ್ರಿಂಟು ತೆಗೆಸಿ ಅಂಟಿಸುವುದನ್ನು ಅಬ್ಬಾ ಕಲಿತಿದ್ದರು. ತಿಂಗಳಿಗೆ ಬರುವುದೇ ಬೆರಳೆಣಿಕೆ, ಅದನ್ನು ಅವರು ನೋಡಿಕೊಳ್ಳಬಲ್ಲರು.

ನಾನು ಪಾವಗಡದಲ್ಲಿ ಖಾಲಾಗೆ ಗಂಜಿ ಕುಡಿಸುತ್ತಿದ್ದಾಗ, ದೂರದ ಯಾವುದೋ ಊರಿನಲ್ಲಿ ವಿಡಿಯೋ ಮಾಡಿ ಹೆಸರು ಮಾಡಿದ ಹುಡುಗಿಯೊಬ್ಬಳು ತಾತನ ಕಂಬಳಿ ಹೊದ್ದು ಬೆಂಕಿಯ ಮುಂದೆ ಕೂತು, ಇಂಥದ್ದನ್ನು ಈ ಜನ್ಮದಲ್ಲಿ ನೋಡಿರಲಿಲ್ಲ ಎಂದು ಹೊಗಳಿದಳು. ಅವಳದೇನೂ ತಪ್ಪಿಲ್ಲ. ನಿಜವಾಗಿ ಮೆಚ್ಚಿಯೇ ಹೇಳಿದ್ದು. ಆದರೆ ಅವಳು ಒಂದು ಮಾತು ಹೇಳಿದರೆ ಕೇಳಲು ಊರೂರೇ ಕೂತಿರುತ್ತದೆ ಎಂದು ನಮಗೇನು ಗೊತ್ತು? ಆರ್ಡರುಗಳು ಸಂತೆಗೆ ಬಂದವರಂತೆ ನುಗ್ಗಿದವು. ಇದ್ದ ಕಂಬಳಿ ಮಧ್ಯಾಹ್ನದೊಳಗೆ ಮುಗಿಯಿತು. ಆಗ ಆ್ಯಪು ಅಬ್ಬಾನಿಗೆ ಕನ್ನಡದಲ್ಲೇ ಹೀಗೆ ಬರೆದು ಕೇಳಿತು: ದಾಸ್ತಾನು ಮುಗಿದಿದೆ, ಗ್ರಾಹಕರು ಕಾಯುತ್ತಿದ್ದಾರೆ, ಇನ್ನಷ್ಟು ಸೇರಿಸುವಿರಾ?

ಗ್ರಾಹಕರು ಕಾಯುತ್ತಿದ್ದಾರೆ ಎಂದರೆ ಅಬ್ಬಾ ಏನು ಮಾಡುತ್ತಾರೆ? ಜೀವಮಾನವಿಡೀ ಮಾಡಿದ್ದನ್ನೇ ಮಾಡಿದರು. ಸೇರಿಸಿದರು. ಹಿಂದಿನ ಬಾಗಿಲಿನಿಂದ ಪಕ್ಕದಂಗಡಿಗೆ ಹೋದರು.

ಖಾಲಾ ಎದ್ದು ಓಡಾಡುವಂತಾದ ಮೇಲೆ ನಾನು ವಾಪಸ್ ಬಂದೆ. ಅಬ್ಬಾನ ಮುಖ ಹೊಳೆಯುತ್ತಿತ್ತು. ಹಬ್ಬದ ದಿನದ ಟೋಪಿ ಹಾಕಿಕೊಂಡು ಗಲ್ಲಾದ ಮುಂದೆ ಕೂತಿದ್ದರು.

"ಒಬ್ರನ್ನೂ ಖಾಲಿ ಕೈಲಿ ಕಳಿಸ್ಲಿಲ್ಲ ಬೇಟಾ."

"ಇಷ್ಟೊಂದು ಕಂಬಳಿ ಎಲ್ಲಿಂದ ಬಂತು ಅಬ್ಬಾ?"

"ಪಕ್ಕದಂಗಡಿಯಲ್ಲಿ ಕರಿ ರಗ್ಗು ಇದ್ವಲ್ಲ, ಮಿಲ್‌ದು. ಅಲ್ಲೂ ಸಾಲದೆ ಮಧುಗಿರಿಯಿಂದ ತರಿಸ್ದೆ."

"ಕೊಂಡವರಿಗೆ ಹೇಳಿದ್ರಾ?"

"ಹೇಳದೆ ಕಳಿಸ್ತೀನಾ?" ಅವರಿಗೆ ಬೇಸರವೇ ಆಯಿತು. "ಪಾರ್ಸೆಲ್‌ನೋನಿಗೆ ಒಂದೊಂದು ಬಂಡಲ್‌ಗೂ ಹೇಳಿದೀನಿ. ಕೊಡುವಾಗ ಹೇಳಪ್ಪಾ, ಇದು ನಮ್ ಮಾಲಲ್ಲ, ಸದ್ಯಕ್ಕೆ ಹೊದ್ಕಳಿ, ನಮ್ದು ಬಂದಾಗ ಬದಲಾಯಿಸಿ ಕೊಡ್ತೀವಿ ಅಂತ. ಆಯ್ತು ಸಾಬ್ರೇ ಅಂದ."

ನಮ್ಮ ಕಡೆ ಹೀಗೇ. ಪಾವಗಡಕ್ಕೋ ಕೊರಟಗೆರೆಗೋ ಬಸ್ಸಿನಲ್ಲಿ ಬಂಡಲು ಹಾಕಿದರೆ ಅದರ ಜೊತೆ ಕಂಡಕ್ಟರಿಗೆ ಮಾತನ್ನೂ ಹೇಳಿ ಕಳಿಸುತ್ತೇವೆ. ಅವನು ಮಾಲು ಇಳಿಸುವಾಗ ಮಾತನ್ನೂ ಇಳಿಸುತ್ತಾನೆ, ಅತ್ತಲಿಂದ ಉತ್ತರವನ್ನೂ ಹೊತ್ತು ತರುತ್ತಾನೆ. ಅಬ್ಬಾನ ವ್ಯಾಪಾರ ಅರ್ಧ ನಡೆದದ್ದು ಕಂಡಕ್ಟರುಗಳ ಬಾಯಲ್ಲಿ. ನಮ್ಮ ಅಂಗಡಿಗೆ ಬರುವ ಪಾರ್ಸೆಲ್ಲಿನವನು ಗುರುಗ್ರಾಮದ ಯಾರದೋ ಬಾಗಿಲು ತಟ್ಟುವುದಿಲ್ಲ, ತುಮಕೂರಿನ ಗೋದಾಮಿನಲ್ಲಿ ಇಳಿಸಿ ಮನೆಗೆ ಹೋಗುತ್ತಾನೆ ಎಂದು ಅವರಿಗೆ ಯಾರು ಹೇಳಿದ್ದರು? ಮಾರನೆಯ ದಿನ ಆ ಮನುಷ್ಯನನ್ನು ಹಿಡಿದು ಕೇಳಿದೆ. "ಹೇಳಿದ್ರು ಮೇಡಂ. ದೊಡ್ಡೋರು ಹೇಳ್ತಾವ್ರೆ, ಹೂಂ ಅಂದೆ. ನಾನು ಗಾಡಿಗೆ ಹಾಕಾದಷ್ಟೇ ಕಣಮ್ಮ. ಆಮೇಲೆ ಎಲ್ಲೋಗ್ತದೋ ಆ ಭಗವಂತನಿಗೇ ಗೊತ್ತು" ಎಂದ. ಅವನ ಮೇಲೂ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಆ ಮಾತೆಲ್ಲ ಎತ್ತಲೋ ಹೋಗಿತ್ತು.

ಅಬ್ಬಾನ ಮೇಲೆ ಕೂಗಾಡಿದೆ. ಬೀದಿಯವರೆಲ್ಲ ಬಾಗಿಲಿಗೆ ಬರುವಷ್ಟು ಕೂಗಾಡಿದೆ. ಅವರಿಗೆ ಮೊದಲು ಅರ್ಥವೇ ಆಗಲಿಲ್ಲ. "ಬೇಡ ಅಂದ್ರೆ ಬದಲಾಯಿಸಿ ಕೊಡೋಣ ಬೇಟಾ, ಅದಕ್ಕೇನಂತೆ" ಎನ್ನುತ್ತಲೇ ಇದ್ದರು.

ಆಮೇಲೆ ಬರಲು ಶುರುವಾಯಿತು. ರಗ್ಗುಗಳು ವಾಪಸ್ ಬಂದು ಅಂಗಡಿಯ ಮುಂದೆ ರಾಶಿ ಬಿದ್ದವು. ಅದಕ್ಕಿಂತ ಮೊದಲೇ ಕೊಂಡವರ ಮಾತುಗಳು ಬಂದವು. ಫೋಟೋದಲ್ಲಿ ಒಂದು, ಡಬ್ಬದಲ್ಲಿ ಇನ್ನೊಂದು. ಕಳ್ಳರು. ಬಡ ನೇಕಾರನ ಕೈ ತೋರಿಸಿ ಮಿಲ್ ಮಾಲು ಮಾರುವವರು. ಅಬ್ಬಾ ಎಲ್ಲವನ್ನೂ ಓದು ಎಂದರು. ಇಂಗ್ಲಿಷಿನದನ್ನು ನಾನು ಅರ್ಧ ನುಂಗಿ ಹೇಳಿದೆ. ಹಿಂದಿಯದನ್ನು ನುಂಗಲು ಆಗಲಿಲ್ಲ. ಒಬ್ಬ 'ಧೋಕಾ' ಎಂದು ಬರೆದಿದ್ದ, ಅವನ ಕೆಳಗೆ ಇನ್ನೊಬ್ಬಳೂ ಅದನ್ನೇ ಬರೆದಿದ್ದಳು. ಆ ಶಬ್ದವನ್ನು ಅಬ್ಬಾನಿಗೆ ಬಿಡಿಸಿ ಹೇಳಬೇಕಿರಲಿಲ್ಲ, ನಮ್ಮ ಮನೆಯ ಮಾತೇ ಅದು. ಅಬ್ಬಾ ಟೋಪಿ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡರು. ಆಗ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅದರ ಜಾಗಕ್ಕೆ ಬಂದದ್ದು ಸಿಟ್ಟಿಗಿಂತ ಕೆಟ್ಟದ್ದು.

"ಇವರಿಗೆಲ್ಲ ಫೋನ್ ಹಚ್ಚು. ನಾನು ಒಬ್ಬೊಬ್ಬರ ಹತ್ರಾನೂ ಮಾತಾಡ್ತೀನಿ."

"ಅವರ ನಂಬರು ನಮಗೆ ಕೊಡಲ್ಲ ಅಬ್ಬಾ."

"ಹಂಗಾದ್ರೆ ಆ ಕಂಪನಿಯೋರ ಆಫೀಸು ಎಲ್ಲಿದೆ? ಬೆಳಿಗ್ಗೆ ಬಸ್ಸಿಗೆ ಹೋಗಿ ಬರೋಣ."

ಆಫೀಸು ಎಲ್ಲಿದೆಯೋ ನನಗೂ ಗೊತ್ತಿರಲಿಲ್ಲ. ಆ್ಯಪಿನಲ್ಲಿ ಸಹಾಯ ಎಂಬ ಜಾಗವಿತ್ತು. ಅಲ್ಲಿ ನಡೆದದ್ದನ್ನೆಲ್ಲ ಬರೆದೆ. ಪಕ್ಕದಂಗಡಿಯ ಪದ್ಧತಿ, ಪಾರ್ಸೆಲ್ಲಿನವನಿಗೆ ಹೇಳಿ ಕಳಿಸಿದ್ದು, ಅಬ್ಬಾನ ವಯಸ್ಸು, ಎಲ್ಲ. ನಿಮ್ಮ ಅನುಭವಕ್ಕಾಗಿ ವಿಷಾದಿಸುತ್ತೇವೆ ಎಂದು ಬಂತು. ಇನ್ನೊಂದು ರೀತಿ ಬರೆದೆ. ನಿಮ್ಮ ಅನುಭವಕ್ಕಾಗಿ ವಿಷಾದಿಸುತ್ತೇವೆ. ಗೋಡೆಗೆ ಹೇಳಿಕೊಂಡಿದ್ದರೆ ಕೊನೇಪಕ್ಷ ಸುಣ್ಣವಾದರೂ ಉದುರುತ್ತಿತ್ತು. ಆ ವಾರ ಕಳೆಯುವುದರೊಳಗೆ ನಮ್ಮ ಖಾತೆಯನ್ನು ಮುಚ್ಚಿದರು. ನಾನು ಒಳಗೆ ಹೋಗುವ ಬಾಗಿಲೇ ಇಲ್ಲವಾಯಿತು. ಕೋಟಿನವನಿಗೆ ಫೋನು ಮಾಡಿದರೆ, "ದಾಸ್ತಾನಿನ ವಿಷಯ ಹೇಳಿದ್ದೆನಲ್ಲ ಮೇಡಂ" ಎಂದ. ಹೇಳಿದ್ದ. ಅವನ ಪಾಠದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಮ್ಮ ಬಜಾರಿನ ಪಾಠದಲ್ಲೂ ಸುಳ್ಳಿರಲಿಲ್ಲ. ಎರಡೂ ಸತ್ಯವೇ ಆಗಿ ಮನುಷ್ಯ ಹೀಗೆ ಹಾಳಾಗಬಹುದು ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಹೊಗಳಿದ್ದ ಹುಡುಗಿ ಇನ್ನೊಂದು ವಿಡಿಯೋ ಮಾಡಿದಳು. ನನ್ನ ಮಾತು ನಂಬಿ ಮೋಸಹೋದವರಲ್ಲಿ ಕ್ಷಮೆ ಕೇಳುತ್ತೇನೆ ಎಂದು ಕಣ್ಣೀರು ತಂದುಕೊಂಡಳು. ಅವಳ ಹಿಂದೆ ನಾನು ತೆಗೆದ ಫೋಟೋ ಇತ್ತು, ತಾತನ ಎರಡು ಕೈ, ಅದರ ಮೇಲೆ ಅಡ್ಡಡ್ಡ ಕೆಂಪು ಗೀಟು. ಅದು ಮೊದಲಿನ ವಿಡಿಯೋಗಿಂತ ವೇಗವಾಗಿ ಓಡಿತು. ಅವರಿವರ ವಾಟ್ಸಾಪಿನಿಂದ ಅವರಿವರಿಗೆ ಹೋಯಿತು. ಯಾರೋ ಅದಕ್ಕೆ ಕನ್ನಡದಲ್ಲಿ, ತೆಲುಗಿನಲ್ಲಿ ಮಾತು ಸೇರಿಸಿದರು.

ತಾತ ಬರುವ ವಾರ ಬಂತು. ತಾತ ಬರಲಿಲ್ಲ. ಅಬ್ಬಾ ರಸ್ತೆ ನೋಡುತ್ತಾ ಕೂತಿದ್ದರು, ಆದರೆ ಬಸ್ಸು ಬಂದ ಸದ್ದಾದಾಗ ಎದ್ದು ಒಳಗೆ ಹೋಗುತ್ತಿದ್ದರು. "ಹೋಗಿ ಬರೋಣ" ಎಂದರೆ, "ನನಗೆ ಮುಖ ಇಲ್ಲ ಬೇಟಾ" ಎಂದರು. ಮಾತು ಕೊಟ್ಟವಳು ನಾನು. ನಾನೇ ಹೋದೆ.

ಯುಗಾದಿಗೆ ಇನ್ನೂ ದಿನಗಳಿದ್ದವು. ಆದರೆ ತಾತನ ಮನೆಯ ಮುಂದೆ ಒಂದು ಟ್ರ್ಯಾಕ್ಟರ್ ಮಣ್ಣು ಸುರಿದಿತ್ತು. ಮಗ್ಗವನ್ನು ಬಿಚ್ಚಿ ಅದರ ಮರಗಳನ್ನು ಗೋಡೆಗೆ ಒರಗಿಸಿದ್ದರು. ಮಗ ಕೂಲಿಗೆ ಹೋಗಿದ್ದ. ತಾತ ಜಗಲಿಯ ಮೇಲೆ ಕೂತಿದ್ದ. ನನ್ನನ್ನು ಕಂಡು ಎಂದಿನಂತೆ, "ಬಾ ತಾಯಿ. ಸಾಬ್ರು ಚೆಂದಾಗವ್ರಾ?" ಎಂದ. ಬೈದಿದ್ದರೆ ಬೈಸಿಕೊಳ್ಳಲು ಸಿದ್ಧಳಾಗಿ ಹೋಗಿದ್ದೆ.

ಅಜ್ಜಿಯೇ ಹೇಳಿದಳು. ಅವರ ಮಗಳನ್ನು ಪಾವಗಡದ ಆಚೆ, ಬಲಸಮುದ್ರದ ಕಡೆ ಕೊಟ್ಟಿದ್ದಾರೆ. ಅಲ್ಲಿನ ಬೀಗರು ವಿಡಿಯೋ ನೋಡಿ ಫೋನು ಮಾಡಿದ್ದರಂತೆ. "ಏಂ ಬಾವಾ, ನಿನ್ ಕೈ ಫೋನ್ನಾಗೆ ಬಂದೈತಿ ಕದಾ! ಮೋಸದ ಕಂಬ್ಳಿ ಅಂತಾರೆ, ಏಮಿದಿ ಕಥೆ?" ಎಂದು ಆ ಕಡೆಯ ತೆಲುಗು ಬೆರೆತ ಕನ್ನಡದಲ್ಲಿ ನಗುತ್ತಾ ಕೇಳಿದರಂತೆ. ಮುಖ ಕಾಣದಿದ್ದರೂ ಗುರುತು ಹಿಡಿದಿದ್ದರು. ಎಡಗೈಯ ಹೆಬ್ಬೆರಳಿಗೆ ಚಿಕ್ಕಂದಿನಲ್ಲಿ ಕುರಿ ಕತ್ತರಿ ತಗುಲಿ ಉಗುರಿಲ್ಲ, ಅದು ನೆಂಟರಿಗೆಲ್ಲ ಗೊತ್ತು. ಮಗಳು ಅದು ನಮ್ಮಪ್ಪನ ಕೈ ಅಲ್ಲ, ಅಲ್ಲ ಎಂದು ಅತ್ತಳಂತೆ. ಅಂದಿನಿಂದ ತಾತ ಊರಿನ ಚಾ ಅಂಗಡಿಗೂ ಹೋಗಿಲ್ಲ ಎಂದಳು ಅಜ್ಜಿ.

ನಾನು ನಡೆದದ್ದನ್ನೆಲ್ಲ ಹೇಳಿದೆ. ತಾತ ಕೇಳಿಸಿಕೊಂಡ. ಅಬ್ಬಾ ಪಾರ್ಸೆಲ್ಲಿನವನಿಗೆ ಹೇಳಿ ಕಳಿಸಿದ್ದು ಎಂದಾಗ ತಲೆಯಾಡಿಸಿ, "ಮತ್ತೆ, ಹೇಳೇ ಕಳುಸ್ಬೇಕು. ಸಾಬ್ರು ಸರಿಯಾಗೇ ಮಾಡವ್ರೆ" ಎಂದ. ಇಡೀ ಪ್ರಪಂಚದಲ್ಲಿ ಅಬ್ಬಾ ಮಾಡಿದ್ದು ಸರಿ ಎಂದು ಅರ್ಥವಾದದ್ದು ಅವನೊಬ್ಬನಿಗೆ. ನನಗೆ ಅಳು ತಡೆಯಲಾಗಲಿಲ್ಲ.

"ಅಳಬ್ಯಾಡ ಕಣವ್ವ. ಗುಂಡಿ ಇವತ್ತಲ್ಲ ನಾಳೆ ಮುಚ್ಚಾದೇ ಆಗಿತ್ತು" ಎಂದ. ಆಮೇಲೆ, "ಒಂದು ಮಾಡ್ಕೊಡು. ಆ ಫೋಟೋ ತಗುದ್ಬುಡು" ಎಂದ.

ತೆಗೆಯಲು ನನ್ನ ಖಾತೆಯೇ ಇಲ್ಲ, ಇದ್ದರೂ ಅದು ಈಗ ಎಷ್ಟು ಜನರ ಫೋನಿನಲ್ಲಿದೆಯೋ ಯಾರಿಗೂ ಗೊತ್ತಿಲ್ಲ ಎಂದು ಅವನಿಗೆ ಹೇಗೆ ಹೇಳಲಿ? ಹೇಳಿದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನೀನೇ ತಾನೆ ತಗ್ದಿದ್ದು?"

"ನಾನೇ ತಾತ."

"ನೀನು ಹಾಕಿದ್ದುನ್ನ ನೀನೇ ತಗಿಯಾಕೆ ಬರಾಕಿಲ್ವಾ?"

"ಬರಲ್ಲ ತಾತ."

ಅವನಿಗೆ ಅದು ಅರ್ಥವಾಯಿತೋ ಇಲ್ಲವೋ ನಾನು ಅರಿಯೆ. ನನಗೇ ಇನ್ನೂ ಆಗಿಲ್ಲ. "ಹೋಗ್ಲಿ ಬುಡು" ಎಂದು ಎದ್ದು, ಗುದ್ದಲಿ ತೆಗೆದುಕೊಂಡು ಹೊರಗೆ ಬಂದು ಬಾಂಡ್ಲಿಗೆ ಮಣ್ಣು ಎಳೆಯತೊಡಗಿದ. ಅಜ್ಜಿ ಬಾಂಡ್ಲಿಯನ್ನು ತಲೆಗೆ ಎತ್ತಿಕೊಳ್ಳಲು ಬಗ್ಗಿದಳು, ಸೊಂಟ ಹಿಡಿದುಕೊಂಡಿತು. ನಾನು ಬುರ್ಖಾದ ತೋಳು ಮೇಲಕ್ಕೆ ಮಡಚಿ ಬಾಂಡ್ಲಿ ಎತ್ತಿಕೊಂಡು ಒಳಗೆ ಹೋದೆ. ತಾತನ ಕಾಲು ಉಜ್ಜಿ ಉಜ್ಜಿ ಗುಂಡಿಯ ಅಂಚು ನುಣ್ಣಗಾಗಿತ್ತು. ಮುಚ್ಚಬೇಡ ಎಂದು ಕೇಳಿಕೊಂಡವಳು ನಾನೇ. ಮೊದಲ ಬಾಂಡ್ಲಿ ಮಣ್ಣು ಸುರಿದವಳೂ ನಾನೇ.